ಬಿಲ್ಲಿನ ಮೇಲೆ ಕ್ಯೂಆರ್ ಕೋಡ್ ಹಾಕಿದರೆ ಬ್ಯಾಂಕ್ ವರ್ಗಾವಣೆಯ ತಪ್ಪುಗಳು ನಿಲ್ಲುತ್ತವೆಯೇ?

ಪ್ರಶ್ನೆ: ಸರ್, ನಮ್ಮ ಸಂಸ್ಥೆಯ ಬಿಲ್ಲುಗಳಲ್ಲಿ ಖಾತೆ ಸಂಖ್ಯೆ, ಮೊತ್ತ, ಬಿಲ್ ಸಂಖ್ಯೆ ಎಲ್ಲವೂ ಅಚ್ಚಾಗಿರುತ್ತವೆ. ಆದರೂ ಗ್ರಾಹಕರು ಮೊಬೈಲಿನಲ್ಲಿ ಟೈಪ್ ಮಾಡುವಾಗ ಅಂಕಿ ತಪ್ಪುತ್ತದೆ. ಹಣ ಬಂದರೂ ಬಿಲ್ ಸಂಖ್ಯೆ ನಮೂದಿಸದ ಕಾರಣ ಅದು ಯಾರದೆಂದು ತಿಳಿಯುವುದಿಲ್ಲ. ಕ್ಯೂಆರ್ ಕೋಡ್ ಹಾಕಿದರೆ ಈ ತೊಂದರೆ ತಪ್ಪೀತೇ?

ಉತ್ತರ: ಬಹುಮಟ್ಟಿಗೆ ತಪ್ಪುತ್ತದೆ. ಕೋಡ್ ತಾನಾಗಿ ಹಣವನ್ನು ಕಳುಹಿಸುವುದಿಲ್ಲ. ಗ್ರಾಹಕರು ಕೈಯಾರೆ ತುಂಬಬೇಕಿದ್ದ ವಿವರಗಳನ್ನು ಅವರ ಬ್ಯಾಂಕಿನ ಆ್ಯಪ್‌ಗೆ ಒಪ್ಪಿಸುತ್ತದೆ. ಆದ್ದರಿಂದ ಆ ಆ್ಯಪ್ ಓದಬಲ್ಲ ನಮೂನೆಯಲ್ಲಿಯೇ ವಿವರಗಳು ಇರಬೇಕು. ಯುಪಿಐಯಲ್ಲಿ ಅದು ಪಡೆಯುವವರ ವಿಳಾಸ, ಹೆಸರು, ಮೊತ್ತಗಳನ್ನು ಒಳಗೊಂಡ ಒಂದು ಲಿಂಕ್. ಯೂರೋ ವರ್ಗಾವಣೆಗಾಗಿ ಯುರೋಪಿಯನ್ ಪೇಮೆಂಟ್ಸ್ ಕೌನ್ಸಿಲ್ ರೂಪಿಸಿರುವ ನಮೂನೆಯಲ್ಲಿ ಸಾಲಿಗೊಂದು ವಿವರವಿದ್ದು, ಒಟ್ಟು 331 ಬೈಟ್ ಮೀರುವಂತಿಲ್ಲ. ಅಲ್ಲಿ ಸಾಲಿನ ಸ್ಥಾನವೇ ಅರ್ಥವನ್ನು ನಿರ್ಧರಿಸುವುದರಿಂದ, ನಡುವಿನ ವಿವರವೊಂದು ಬೇಡವಾದಾಗ ಆ ಸಾಲನ್ನು ಅಳಿಸದೆ ಖಾಲಿ ಬಿಡಬೇಕು. ಅಳಿಸಿದರೆ ಕೆಳಗಿನ ವಿವರಗಳೆಲ್ಲ ಒಂದೊಂದು ಸಾಲು ಮೇಲೇರಿ, ಬಿಲ್ ಸಂಖ್ಯೆ ಇರಬೇಕಾದ ಜಾಗದಲ್ಲಿ ಇರುವುದಿಲ್ಲ.

ನನ್ನ ದೃಷ್ಟಿಯಲ್ಲಿ ಈ ಕೋಡಿನ ಅತಿ ದೊಡ್ಡ ಲಾಭ ಬಿಲ್ ಸಂಖ್ಯೆಯದೇ. ಖಾತೆ ಸಂಖ್ಯೆಯನ್ನು ಗ್ರಾಹಕರು ಒಮ್ಮೆ ಉಳಿಸಿಕೊಂಡರೆ ಸಾಕು, ಬಿಲ್ ಸಂಖ್ಯೆ ಮಾತ್ರ ಪ್ರತಿ ಸಲವೂ ಹೊಸದು. ಆದುದರಿಂದ ಖಾತೆಯ ವಿವರವಷ್ಟೇ ಇರುವ ಒಂದೇ ಕೋಡನ್ನು ಎಲ್ಲ ಬಿಲ್ಲುಗಳಿಗೂ ಅಂಟಿಸಬೇಡಿ. ಪ್ರತಿ ಬಿಲ್ಲಿಗೂ ಅದರದೇ ಮೊತ್ತ ಮತ್ತು ಸಂಖ್ಯೆ ಇರುವ ಕೋಡನ್ನು ನಿಮ್ಮ ಲೆಕ್ಕಪತ್ರದ ತಂತ್ರಾಂಶದಿಂದಲೇ ತಯಾರಿಸಿ. ಆಗ ಜಮಾ ಆದ ಹಣವನ್ನು ಬಿಲ್ಲಿನೊಂದಿಗೆ ತಾಳೆ ನೋಡುವ ಕೆಲಸ ಬಹಳ ಹಗುರವಾಗುತ್ತದೆ.

ಮತ್ತೊಬ್ಬ ಸದಸ್ಯರ ಪ್ರಶ್ನೆ: ಕೋಡಿನೊಳಗೆ ಪರೀಕ್ಷಾ ಅಂಕಿಗಳು ಇರುತ್ತವೆಂದು ಕೇಳಿದ್ದೇನೆ. ಹಾಗಿದ್ದರೆ ಯಾರಾದರೂ ಬೇರೆ ಕೋಡ್ ಅಂಟಿಸಿದರೂ ಆ್ಯಪ್ ಅದನ್ನು ತಿರಸ್ಕರಿಸುವುದಿಲ್ಲವೇ?

ಉತ್ತರ: ಇಲ್ಲ, ಮೇಡಂ. ಈ ತಪ್ಪು ತಿಳಿವಳಿಕೆಯಿಂದ ಜನ ಹಣ ಕಳೆದುಕೊಳ್ಳುತ್ತಾರೆ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಕಾರ್ಡ್ ಕಂಪನಿಗಳ ಜಂಟಿ ಸಂಸ್ಥೆಯಾದ ಇಎಂವಿಕೋ ರೂಪಿಸಿರುವ ನಮೂನೆಯಲ್ಲಿ ಪ್ರತಿ ವಿವರಕ್ಕೂ ಎರಡಂಕಿಯ ಗುರುತು, ಎರಡಂಕಿಯ ಉದ್ದ, ಆಮೇಲೆ ಆ ವಿವರವೇ ಇರುತ್ತದೆ: ‘5406150.00’ ಎಂದರೆ 54ನೆಯ ವಿವರ, ಅಂದರೆ ಮೊತ್ತ, ಅದರ ಉದ್ದ 6 ಅಕ್ಷರ, ಮೊತ್ತ 150.00. ಕೊನೆಯಲ್ಲಿ 63ನೆಯ ವಿವರವಾಗಿ, ಉಳಿದ ವಿವರಗಳಿಂದ ಲೆಕ್ಕ ಹಾಕಿದ ಪರೀಕ್ಷಾ ಸಂಖ್ಯೆ ಬರುತ್ತದೆ. ಅದು ಆಕಸ್ಮಿಕ ತಪ್ಪನ್ನು ಹಿಡಿಯುತ್ತದೆಯೇ ಹೊರತು ಮೋಸವನ್ನಲ್ಲ, ಏಕೆಂದರೆ ಲೆಕ್ಕದ ವಿಧಾನ ಬಹಿರಂಗವಾಗಿದ್ದು, ವಂಚಕನೂ ತನ್ನ ಖಾತೆಯ ವಿವರ ಹಾಕಿ ಸರಿಯಾದ ಪರೀಕ್ಷಾ ಸಂಖ್ಯೆಯನ್ನೇ ಬರೆಯಬಲ್ಲ. ಆದ್ದರಿಂದ ದೃಢೀಕರಿಸುವ ಮುನ್ನ ಆ್ಯಪ್ ತೋರಿಸುವ ಹೆಸರನ್ನು ಓದಲೇಬೇಕು. ಆ ಹೆಸರು ಕೋಡಿನಿಂದ ಬಂದದ್ದಾಗಿರದೆ ಬ್ಯಾಂಕಿನ ದಾಖಲೆಯಿಂದ ಬಂದದ್ದಾಗಿರಬೇಕು. ಯೂರೋ ವಲಯದ ಬ್ಯಾಂಕುಗಳಿಗೆ ಹೆಸರು ಮತ್ತು ಖಾತೆ ಹೊಂದುತ್ತವೆಯೇ ಎಂದು ಪರಿಶೀಲಿಸುವುದನ್ನು 2025ರ ಅಕ್ಟೋಬರ್‌ನಿಂದ ಕಡ್ಡಾಯಗೊಳಿಸಿರುವುದು ಬಹಳ ಒಳ್ಳೆಯ ಕ್ರಮ.

ಮೊದಲ ಸದಸ್ಯರ ಪ್ರಶ್ನೆ: ಧನ್ಯವಾದಗಳು ಸರ್. ಕೋಡಿನ ನಡುವೆ ನಮ್ಮ ಲಾಂಛನ ಹಾಕಬಹುದೇ?

ಉತ್ತರ: ಬೇಡ. ಲಾಂಛನ ಕೋಡಿನ ಒಂದು ಭಾಗವನ್ನು ಮುಚ್ಚಿಬಿಡುತ್ತದೆ. ಯೂರೋ ನಮೂನೆಗೆ ನಿಗದಿಯಾದ ‘ಎಂ’ ಎಂಬ ದೋಷ ಸರಿಪಡಿಸುವ ಮಟ್ಟದಲ್ಲಿ ಸುಮಾರು ಶೇ. 15ರಷ್ಟು ಹಾನಿಯನ್ನು ಮಾತ್ರ ಸರಿಪಡಿಸಿಕೊಳ್ಳಬಹುದು. ಆ ಸಾಮರ್ಥ್ಯವನ್ನು ಕಾಗದದ ಮಡಿಕೆಗೆ, ಮಸಿಯ ಕಲೆಗೆ ಉಳಿಸಿಡಿ. ಸುತ್ತಲೂ ಕೋಡಿನ ನಾಲ್ಕು ಪುಟ್ಟ ಚೌಕಗಳಷ್ಟು ಅಗಲದ ಬಿಳಿ ಅಂಚು ಬಿಡಿ. ಖಾತೆಯ ವಿವರಗಳನ್ನು ಕೋಡಿನ ಪಕ್ಕದಲ್ಲಿ ಅಕ್ಷರಗಳಲ್ಲಿಯೂ ಮುದ್ರಿಸಿ. ಸ್ಕ್ಯಾನ್ ಮಾಡಲಾಗದವರಿಗೂ, ಹೋಲಿಸಿ ನೋಡುವವರಿಗೂ ಅದು ಬೇಕು.