ಸಿಗ್ನಲ್ ಬರುವ ಮೊದಲೇ ಸಿದ್ಧವಾಗುವ ಮೆದುಳು: ಬೀಟಾ ಲಯದ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ: ಸರ್, ಮೊದಲು ಎಚ್ಚರಿಕೆಯ ಸೂಚನೆ, ಆಮೇಲೆ 'ಒತ್ತಿ' ಎಂಬ ಸಿಗ್ನಲ್ ಕೊಟ್ಟರೆ ಜನ ಬೇಗ ಗುಂಡಿ ಒತ್ತುತ್ತಾರೆ. ಆ ನಡುವಿನ ಹೊತ್ತಿನಲ್ಲಿ ಮೆದುಳಿನ ಆಳದಲ್ಲಿ ಏನಾಗುತ್ತದೆ?

ಉತ್ತರ: ನೋಡಬೇಕಾದ ಮುಖ್ಯ ಜಾಗ ಸಬ್‌ಥಲಾಮಿಕ್ ನ್ಯೂಕ್ಲಿಯಸ್. ಕೆಲವೇ ಮಿಲಿಮೀಟರ್ ದಪ್ಪದ ಈ ನರಕೋಶಗಳ ಗುಂಪಿನಲ್ಲಿ ಸೆಕೆಂಡಿಗೆ 13ರಿಂದ 30 ಸಲ ಏರಿಳಿಯುವ ಬೀಟಾ ಲಯ ಇರುತ್ತದೆ. ಕೈ ಸುಮ್ಮನಿದ್ದಾಗ ಅದು ಜೋರು. ಎಚ್ಚರಿಕೆ ಬಂದಾಗ ತಗ್ಗಲು ಶುರುವಾಗುತ್ತದೆ; ಯಾವ ಕೈ ಬಳಸಬೇಕು ಎಂಬುದೂ ಸೂಚನೆಯಲ್ಲೇ ಗೊತ್ತಾದರೆ ಇನ್ನಷ್ಟು ತಗ್ಗುತ್ತದೆ. 'ಒತ್ತಿ' ಎಂದ ಮೇಲೆ ಬೀಟಾ ಎಷ್ಟು ಬೇಗ ಇಳಿಯುತ್ತದೋ ಬೆರಳೂ ಅಷ್ಟು ಬೇಗ ಚಲಿಸುತ್ತದೆ. ಚಲನೆ ಮುಗಿದ ಮೇಲೆ ಬೀಟಾ ಮೊದಲಿಗಿಂತಲೂ ಮೇಲೇರುತ್ತದೆ. ಒತ್ತಲು ಹೊರಟವರಿಗೆ 'ಬೇಡ' ಎಂದರೆ ಆ ಇಳಿಕೆ ಅರ್ಧದಲ್ಲೇ ನಿಂತು ತಿರುಗಿ ಏರುತ್ತದೆ. ನನ್ನ ಮಟ್ಟಿಗೆ ಇದನ್ನು 'ಈಗಿರುವ ಸ್ಥಿತಿಯನ್ನೇ ಕಾಯುವ ಲಯ' ಎಂದುಕೊಳ್ಳುವುದೇ ಸರಿ.

ಪ್ರಶ್ನೆ: ಮೆದುಳಿನ ವಿದ್ಯುತ್ತನ್ನು ಹೊರಗಿನಿಂದ ಅಳೆಯಲು ತಲೆಗೆ ಹಾಕುವ ಇಇಜಿ ಟೋಪಿಯಲ್ಲಿ ಇದು ಕಾಣುತ್ತದೆಯೇ?

ಉತ್ತರ: ಇಲ್ಲ. ಅಲ್ಲಿ ಸಿಗುವ ಬೀಟಾ ಹೆಚ್ಚಾಗಿ ಮೆದುಳಿನ ಹೊರಪದರದ್ದು. ಆಳದ ದಾಖಲೆ ಸಿಗುವುದು ಚಿಕಿತ್ಸೆಗೆಂದು ಎಲೆಕ್ಟ್ರೋಡ್ ಇಟ್ಟ ರೋಗಿಗಳಿಂದ, ಅವರಲ್ಲಿ ಬಹುಪಾಲು ಪಾರ್ಕಿನ್ಸನ್ಸ್ ಇರುವವರು. ಅವರಲ್ಲಿ ಬೀಟಾ ಮೊದಲೇ ಹೆಚ್ಚು, ಆ ಕಾಯಿಲೆಯ ಔಷಧಿ ಲೆವೊಡೋಪಾ ತೆಗೆದುಕೊಂಡರೆ ಇಳಿಯುತ್ತದೆ. ಹಾಗಾಗಿ ಔಷಧಿ ಕೊನೆಗೆ ಯಾವಾಗ ತೆಗೆದುಕೊಂಡರು ಎಂಬುದನ್ನು ಬರೆದಿಡದ ದಾಖಲೆಯಿಂದ ಏನನ್ನೂ ಹೇಳಲಾಗದು.

ಪ್ರಶ್ನೆ: ನನ್ನ ಬಳಿ ಅಂಥದೇ ದತ್ತಾಂಶ ಇದೆ. ಎಚ್ಚರಿಕೆಗೂ 150 ಮಿಲಿಸೆಕೆಂಡ್ ಮೊದಲೇ ಬೀಟಾ ಇಳಿಯುತ್ತಿದೆ! ಇದು ನಿರೀಕ್ಷೆಯ ಪರಿಣಾಮವೇ?

ಉತ್ತರ: ಅವಸರ ಬೇಡ, ಮೊದಲು ನಿಮ್ಮ ವೇವ್‌ಲೆಟ್ ನೋಡಿ, ಅಂದರೆ ಲಯದ ಬಲ ಅಳೆಯಲು ದಾಖಲೆಯ ಮೇಲೆ ಸರಿಸುವ ಚಿಕ್ಕ ಅಲೆಯ ತುಣುಕು. ಅದು 7 ಆವರ್ತಗಳದ್ದಾದರೆ (7 ಏರಿಳಿತ), 20 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 20 ಸಲ) ಅದರ ಹರವು ಸುಮಾರು 350 ಮಿಲಿಸೆಕೆಂಡ್, ಅಂದರೆ ಆಚೀಚೆ 175. ಸೂಚನೆಯ ನಂತರ ಆದ ಇಳಿಕೆಯ ಅಂಚು ಹಿಂದಕ್ಕೆ ಹರಡಿ, ಮೊದಲೇ ಆದಂತೆ ಕಾಣುತ್ತದೆ. ದಾಖಲೆಯನ್ನು ಹಿಂದು-ಮುಂದು ಎರಡೂ ಕಡೆಯಿಂದ ಹಾಯಿಸುವ ಫಿಲ್ಟರ್‌ನಲ್ಲೂ ಇದೇ ತೊಂದರೆ. ಆವರ್ತ 4ಕ್ಕೆ ಇಳಿಸಿ ಮತ್ತೆ ಲೆಕ್ಕ ಹಾಕಿ: ಇಳಿಕೆಯ ಆರಂಭ ಸೂಚನೆಯತ್ತ ಸರಿದರೆ ನೀವು ಕಂಡದ್ದು ಲೆಕ್ಕದ ನೆರಳು.

ಸರಿಯದೇ ಉಳಿದರೆ ಎರಡು ಅನುಮಾನ. ಹಿಂದಿನ ಸರದಿಯ (ಎಚ್ಚರಿಕೆಯಿಂದ ಒತ್ತುವವರೆಗಿನ ಒಂದು ಸುತ್ತು) ಚಲನೆಯ ನಂತರದ ಏರಿಕೆ ಇನ್ನೂ ಇಳಿಯುತ್ತಿದ್ದು, ಅದೇ ನಿಮ್ಮ ಬೇಸ್‌ಲೈನ್‌ಗೆ (ಹೋಲಿಕೆಗೆ ಹಿಡಿದ ಆರಂಭದ ಮಟ್ಟಕ್ಕೆ) ಸೇರಿರಬಹುದು. ಸರದಿಗಳ ನಡುವೆ ಕೆಲವು ಸೆಕೆಂಡ್ ಬಿಡಬೇಕು. ಇಲ್ಲವೇ ಸರದಿಗಳ ಅಂತರ ಒಂದೇ ಇದ್ದು, ಜನ ಮುಂದಿನ ಎಚ್ಚರಿಕೆಯನ್ನೇ ಲೆಕ್ಕ ಹಿಡಿದು ಕಾಯುತ್ತಿರಬಹುದು. ಅಂತರವನ್ನು ಏರುಪೇರು ಮಾಡಿ. 100 ಮಿಲಿಸೆಕೆಂಡ್‌ಗಿಂತ ಬೇಗ ಒತ್ತಿದ ಸರದಿಗಳನ್ನು ಕೈಬಿಡಿ, ಅವು ಸಿಗ್ನಲ್‌ಗೆ ಕೊಟ್ಟ ಪ್ರತಿಕ್ರಿಯೆ ಅಲ್ಲ. ಎಲೆಕ್ಟ್ರೋಡ್‌ನ ಪಕ್ಕಪಕ್ಕದ ಎರಡು ಸಂಪರ್ಕಬಿಂದುಗಳ ವ್ಯತ್ಯಾಸವನ್ನೇ ಬಳಸಿ, ದೂರದಿಂದ ಸೋರಿ ಬರುವ ವಿದ್ಯುತ್ ಹೆಚ್ಚಿನಂಶ ಕಳೆದುಹೋಗುತ್ತದೆ.

ಪ್ರಶ್ನೆ: ಎಲ್ಲ ಸರದಿಗಳನ್ನೂ ಸಿಗ್ನಲ್‌ನ ಕ್ಷಣಕ್ಕೆ ಜೋಡಿಸಿ ಸರಾಸರಿ ತೆಗೆಯಬೇಕೋ, ಚಲನೆಯ ಕ್ಷಣಕ್ಕೋ?

ಉತ್ತರ: ಎರಡೂ ತೆಗೆಯಿರಿ. ಜೊತೆಗೆ ಒಂದೊಂದೇ ಸರದಿಯನ್ನು ಬಿಡಿಯಾಗಿ ನೋಡಲೇಬೇಕು. ಬೀಟಾ ನಿಜಕ್ಕೂ ಚಿಕ್ಕ ಚಿಕ್ಕ ಸ್ಫೋಟಗಳಾಗಿ ಬರುತ್ತದೆ. ಸರಾಸರಿಯಲ್ಲಿ ಕಾಣುವ ನುಣುಪಾದ ಇಳಿಜಾರು ಯಾವ ಒಂದು ಸರದಿಯಲ್ಲೂ ಇರಲಾರದು.