ಪುಟ್ಟಿಯ ಪ್ರಶ್ನೆಗೆ ಮಾವನ ವಾಯ್ಸ್

ಪುಟ್ಟೀ, ನಿನ್ನ ಮೆಸೇಜು ಈಗ ನೋಡಿದೆ. ಮಾಣಿ ಬೆಂಗಳೂರಿನ ಕಂಪೆನಿ ಕೆಲಸಕ್ಕೆ ಉಪ್ಪರಿಗೆಯಲ್ಲಿ ಒಬ್ಬನೇ ಕೂರ್ತಾನೆ, ದಿನವಿಡೀ ಕೂತರೂ ಮುಗಿಯುವುದಿಲ್ಲ, ಉಮೇದೇ ಹೋಗಿದೆ, ಎಂಥ ಮಾಡುವುದು ಅಂತ ಕೇಳಿದ್ದಿ. ಲ್ಯಾಪ್‌ಟಾಪು ಮಂಚದ ಮೇಲೆ ಉಂಟಾ? ಉಂಟಾದರೆ ಮೊದಲು ಅದನ್ನು ಕೆಳಗಿಳಿಸು.

ನೀರ್ಚಾಲಿನ ಬಾವನದ್ದು ನಿಮಗೆಲ್ಲ ಗೊತ್ತುಂಟಲ್ಲ. ಸೊಸೈಟಿಯ ಲೆಕ್ಕ ಬರೆಯುವ ಕೆಲಸ ಮನೆಗೇ ತಂದಿದ್ದರು. ಪುಸ್ತಕ ತಲೆದಿಂಬಿನ ಹತ್ತಿರ. ಎರಡು ಸಾಲು ಬರೆಯುವಷ್ಟರಲ್ಲಿ ಅಕ್ಕ ಕರೀತಾಳೆ, "ಹೇಗೂ ಮನೆಯಲ್ಲೇ ಇದ್ದೀರಲ್ಲ, ಮೋಡ ಬಂತು, ಅಂಗಳದ ಅಡಿಕೆ ಒಟ್ಟು ಮಾಡಿ." ಆಮೇಲೆ ಯಾರೋ ನೆಂಟರು, ಎಲೆಯಡಿಕೆ, ಮಾತು. ರಾತ್ರಿ ಮಲಗಿದರೆ ಪುಸ್ತಕ ಪಕ್ಕದಲ್ಲೇ, ನಿದ್ದೆಯೂ ಇಲ್ಲ, ಬರೆಯುವುದೂ ಇಲ್ಲ. ಮಾರ್ಚ್ 31 ಬಂತು ಅನ್ನುವಾಗ ಕಂತೆ ಹಾಗೇ ಉಂಟು ಮಾರಾಯ್ತಿ! ನಾನು ಹೋಗಿ ಲಾಟೀನಿನ ಬೆಳಕಲ್ಲಿ ಜೊತೆಗೆ ಕೂತು ಮುಗಿಸಿಕೊಟ್ಟದ್ದು. ಮರುವರ್ಷ ಕೆಲಸ ಬೇರೆಯವರ ಪಾಲಾಯ್ತು. ಬಾವ ಉದಾಸೀನದವರಾ? ಅಲ್ಲ. ತೋಟಕ್ಕಿಳಿದರೆ ಇಬ್ಬರ ಕೆಲಸ ಮಾಡ್ತಿದ್ದರು.

ಅದಕ್ಕೇ ಇನ್ನೊಮ್ಮೆ ಹೇಳ್ತೇನೆ, ಮಲಗುವ ಮಂಚದಲ್ಲಿ ಕೆಲಸ ಬೇಡ.

ವಾಚನಾಲಯಕ್ಕೆ ಹೋಗಿ ಬರೆಯಿರಿ ಅಂತ ಬಾವನಿಗೆ ಆಗಲೇ ಹೇಳಿದ್ದೆ. ಈಗ ಅಲ್ಲಿಯ ಅವಸ್ಥೆ ನೋಡು. ಕೇರಳದ ಪಿ. ಎನ್. ಪಣಿಕ್ಕರ್ 1945ರಲ್ಲಿ ವಾಚನಾಲಯಗಳನ್ನೆಲ್ಲ ಒಟ್ಟು ಸೇರಿಸಿ ಗ್ರಂಥಶಾಲಾ ಸಂಘ ಕಟ್ಟಿದ್ದು ದೊಡ್ಡ ಕೆಲಸ, ಇಲ್ಲ ಅನ್ನುವುದಿಲ್ಲ. ಆದರೆ ನಮ್ಮೂರ ವಾಚನಾಲಯದಲ್ಲಿ ಕನ್ನಡ ಪೇಪರ್ ಒಂದೂ ಇಲ್ಲ! ಕೇಳಿದರೆ ಓದುವವರಿಲ್ಲವಂತೆ. ತರಿಸದೆ ಓದುವವರು ಎಲ್ಲಿಂದ ಬರ್ತಾರೆ? ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಇದೇ ಹಾಡು. ಚಂದ್ರಗಿರಿ ಹೊಳೆಯಿಂದ ಬಡಗಿನದ್ದು ಕನ್ನಡನಾಡಿಗೆ ಸೇರಬೇಕು ಅಂತ 1967ರಲ್ಲೇ ಗಡಿಯ ವಿಷಯದ ಮಹಾಜನ ವರದಿ ಹೇಳಿತ್ತು, ಎಂಥ ಆಯ್ತು? ಇಲ್ಲಿ ಮಲಯಾಳದ ಫಾರಮು ಹಿಡಿದು ಯಾರ ಹತ್ತಿರ ಓದಿಸುವುದು ಅಂತ ನಾನು ಈಗಲೂ ತಿರುಗುವುದು. ಇರಲಿ, ಹೇಳಿದರೆ ರಕ್ತ ಬಿಸಿಯಾಗ್ತದೆ.

ಹಾಂ, ಮಾಣಿಯ ವಿಷಯ ಅಲ್ವಾ. ಚಾವಡಿಯ ಮೂಲೆಯಲ್ಲಿ ಒಂದು ಮೇಜು ಹಾಕಿಸು. ಮಿಂದು, ಕಾಫಿ ಕುಡಿದು, ಅಂಗಿ ಹಾಕಿ 9 ಗಂಟೆಗೆ ಕೂರಲಿ. ನಾಳೆ ಮೊದಲು ಮಾಡುವುದು ಎಂಥದು ಅಂತ ಇವತ್ತು ಏಳುವ ಮೊದಲೇ ಚೀಟಿಯಲ್ಲಿ ಬರೆದಿಡಲಿ, ಬೆಳಿಗ್ಗೆ ಯೋಚಿಸ್ತಾ ಕೂತರೆ ಹೊತ್ತು ಅಲ್ಲೇ ಹೋಗ್ತದೆ. ಸಂಜೆ ಜೊತೆಯವನೊಬ್ಬನಿಗೆ ಫೋನ್ ಮಾಡಿ ಇಷ್ಟಾಯ್ತು ಅಂತ ಹೇಳಲಿ, ಕೇಳುವ ಜನ ಒಬ್ಬ ಬೇಕು. ಬೇಜಾರಾದ ದಿನ ಆ ವಾಚನಾಲಯಕ್ಕೇ ಹೋಗಲಿ, ಪೇಪರ್ ಇಲ್ಲದಿದ್ದರೂ ಫ್ಯಾನು ಉಂಟು, ನಾಲ್ಕು ಜನ ಇರ್ತಾರೆ.

ಮತ್ತೆ ನೀನು, ಊಟದ ಹೊತ್ತಿನವರೆಗೆ ಅವನನ್ನು ಯಾವುದಕ್ಕೂ ಕರೀಬೇಡ. ತೆಂಗಿನಕಾಯಿ ಕೊಯ್ಯುವವ ಬಂದರೆ ನನಗೆ ಫೋನ್ ಮಾಡು, ಲೆಕ್ಕಕ್ಕೆ ನಾನು ಬರ್ತೇನೆ.