ಸಹಾಯ ಬೇಕು: ಮಗನಿಗೆ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇರಬಹುದಾ?

ನಮಸ್ಕಾರ, ನಾವಿರುವುದು ಜಯನಗರದಲ್ಲಿ. ಮಗನಿಗೆ 7 ವರ್ಷ. ಹೋಂವರ್ಕ್‌ಗೆ ಕೂತರೆ ಎರಡು ಸಾಲು ಬರೆಯುವಷ್ಟರಲ್ಲಿ ಪೆನ್ಸಿಲ್ ಮೂರು ಸಲ ಚೂಪು ಮಾಡುತ್ತಾನೆ. ಒಂದು ಕಾಲು ಕುರ್ಚಿ ಮೇಲೆ, ಇನ್ನೊಂದು ಬಾಗಿಲ ಕಡೆ! ಈ ತಿಂಗಳು ಕಳೆದ ಟಿಫನ್ ಡಬ್ಬಿ ಮೂರು. ಟೀಚರ್ ದಿನಾ ಡೈರಿಯಲ್ಲಿ ದೂರು ಬರೆಯುತ್ತಾರೆ. ನಮ್ಮ ಅತ್ತೆ ಮಾತ್ರ "ಗಂಡು ಹುಡುಗರು ಇರೋದೇ ಹಾಗೆ" ಅನ್ನುತ್ತಾರೆ. ಸುಮ್ನೆ ತುಂಟತನ ಅಲ್ಲ ಅಂತ ನನಗೆ ಅನ್ನಿಸುತ್ತಿದೆ.

ರಕ್ತ ಪರೀಕ್ಷೆ, ಸ್ಕ್ಯಾನ್‌ನಲ್ಲಿ ಇದು ಗೊತ್ತಾಗುವುದಿಲ್ಲ, ಮನೆ ಶಾಲೆ ಎರಡೂ ಕಡೆ 6 ತಿಂಗಳಿಂದ ಹೀಗೇ ಇದೆಯಾ ಅಂತ ನೋಡುತ್ತಾರೆ ಎಂದು ಓದಿದೆ. ನಮ್ಮಲ್ಲಿ ವರ್ಷವೇ ಆಯಿತು.

ನಿಮ್ಹಾನ್ಸ್‌ನ ಮಕ್ಕಳ ವಿಭಾಗದಲ್ಲಿ ತೋರಿಸಿದವರು ಇದ್ದೀರಾ? ಮೊದಲ ದಿನ ಏನೇನು ಕೇಳುತ್ತಾರೆ? ಟೀಚರ್ ಹತ್ತಿರ ಏನಾದರೂ ಬರೆಸಿಕೊಂಡು ಹೋಗಬೇಕಾ? ಮಾತ್ರೆ ಅಂದರೆ ಮನೆಯವರಿಗೆ ಭಯ ಜಾಸ್ತಿ. ಅನುಭವ ಇದ್ದವರು ದಯವಿಟ್ಟು ತಿಳಿಸಿ.